ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ: ಪಂಚಾಯತಿ ಕಚೇರಿಯ ಗಣಕಯಂತ್ರ ಬದಲಾವಣೆ

(ಗ್ರಾಮ ಪಂಚಾಯತಿ ಚುನಾಯಿತ ಪ್ರತಿನಿಧಿಗಳ ಅಧ್ಯಯನ ಪಾಠ)



ಐಮಂಗಲ ಹೋಬಳಿಯ ಯಾವುದಾದರೊಂದು ಗ್ರಾಮದಲ್ಲಿ ಕುಡಿಯುವ ನೀರಿನ ಕೊಳವೆಬಾವಿಯ ಮೋಟಾರು ಸುಟ್ಟುಹೋಯಿತೆಂದು ಭಾವಿಸೋಣ. ಆ ವಾರ್ಡಿನ ಸದಸ್ಯರು ಏನೇನು ಕೇಳುತ್ತಾರೆಂಬುದು ನಮಗೆಲ್ಲರಿಗೂ ತಿಳಿದ ಸಂಗತಿ. ಹಳೆಯ ಮೋಟಾರು ಎಷ್ಟು ಹೆಚ್.ಪಿ.ಯದು, ಪಂಪು ಎಷ್ಟು ಸ್ಟೇಜಿನದು, ಎಷ್ಟು ಅಡಿಗೆ ಇಳಿಸಲಾಗಿತ್ತು, ಈಗಿರುವ ಕೇಬಲ್ಲು ಮತ್ತು ಪ್ಯಾನಲ್ ಬೋರ್ಡು ಹೊಸ ಮೋಟಾರಿನ ಭಾರವನ್ನು ತಡೆಯುವುದೇ, ಹಳೆಯ ಪೈಪಿಗೆ ಹೊಸ ಪಂಪಿನ ಬಾಯಿ ಕೂರುವುದೇ ಎಂದೆಲ್ಲ ವಿಚಾರಿಸಿ, ಕೊನೆಗೆ ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಬಿಲ್ಲಿನ ಮಾತಿಗೆ ಬರುತ್ತಾರೆ. ಇದನ್ನು ಯಾವ ತರಬೇತಿಯೂ ಕಲಿಸಿದ್ದಲ್ಲ; ಮಳೆ ಕಡಿಮೆಯಾದ ಈ ಸೀಮೆಯ ಬದುಕೇ ಕಲಿಸಿದ್ದು.

ಅದೇ ಸದಸ್ಯರ ಮುಂದೆ ಕಚೇರಿಯ ಗಣಕಯಂತ್ರವನ್ನು ಬದಲಿಸುವ ವಿಷಯ ಬಂದಾಗ ನಡವಳಿ ಪುಸ್ತಕದಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಕಾಣುತ್ತದೆ: ಗಣಕಯಂತ್ರ ಒಂದು, ಪ್ರಿಂಟರ್ ಒಂದು ಖರೀದಿಸಲು ಒಪ್ಪಿಗೆ ನೀಡಲಾಯಿತು. ಹಳೆಯ ಯಂತ್ರದಲ್ಲಿ ಏನಿತ್ತು, ಅದು ಹೊಸ ಯಂತ್ರಕ್ಕೆ ಹೇಗೆ ಬರುತ್ತದೆ, ಬಂದಿದೆಯೆಂದು ಯಾರು ನೋಡಿ ಹೇಳುತ್ತಾರೆ ಎಂಬ ಪ್ರಶ್ನೆಗಳು ಏಳುವುದಿಲ್ಲ. ಅವುಗಳನ್ನು ಕೇಳಲು ತಂತ್ರಜ್ಞಾನದ ಪದವಿ ಬೇಕಿಲ್ಲ, ಮೋಟಾರಿನ ವಿಷಯದಲ್ಲಿ ತಾವು ತೋರುವ ಎಚ್ಚರವೇ ಸಾಕೆಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ.

ಈ ವಿಷಯ ಈಗಲೇ ಏಕೆ

ಬಹುತೇಕ ಕಚೇರಿಗಳ ಯಂತ್ರಗಳು ವಿಂಡೋಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ನಡೆಯುತ್ತವೆ. ವಿಂಡೋಸ್ 7ಕ್ಕೆ ತಯಾರಕರ ಬೆಂಬಲ 2020ರ ಜನವರಿ 14ರಂದು ನಿಂತಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ನಿಂತಿತು. ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದಲ್ಲ. ಅದು ಮೊದಲಿನಂತೆಯೇ ನಡೆಯುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ, ವಿಸ್ತರಿತ ಭದ್ರತಾ ಯೋಜನೆಗೆ ಸೇರದ ಯಂತ್ರಗಳಿಗೆ, ಪರಿಹಾರ ಬರುವುದಿಲ್ಲ. ಪಂಚಾಯತಿಯ ಹಣ ಪಾವತಿಯಾಗುವುದು ಇದೇ ಯಂತ್ರದ ಮೂಲಕವಾದ್ದರಿಂದ ಇದನ್ನು ಹಗುರವಾಗಿ ಕಾಣಲಾಗದು. ವಿಂಡೋಸ್ 11 ಹಾಕಿಸಿಕೊಳ್ಳೋಣವೆಂದರೆ ಅದಕ್ಕೆ ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಘಟಕ ಹಾಗೂ ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ಪೀಳಿಗೆ ಅಥವಾ ನಂತರದ ಪ್ರೊಸೆಸರ್ ಬೇಕು. ಹತ್ತು ವರ್ಷದ ಹಿಂದಿನ ಯಂತ್ರಗಳು ಈ ಅಳತೆಗೆ ಬರುವುದಿಲ್ಲ. ಹೀಗಾಗಿ ಬದಲಾವಣೆ ಅನಿವಾರ್ಯ. ಪ್ರಶ್ನೆ ಇರುವುದು ಅದನ್ನು ಹೇಗೆ ಮಾಡಬೇಕೆಂಬುದರಲ್ಲಿ.

ಯಂತ್ರದೊಳಗಿರುವುದು, ಹೊರಗಿರುವುದು

ಪಂಚಾಯತಿಯ ಮುಖ್ಯ ದಾಖಲೆಗಳು ಮೇಜಿನ ಮೇಲಿರುವ ಪೆಟ್ಟಿಗೆಯಲ್ಲಿ ಇಲ್ಲ. ಪಂಚತಂತ್ರದಲ್ಲಿ ನಮೂದಾದ ತೆರಿಗೆ ಬೇಡಿಕೆ, ವಸೂಲಿ ಮತ್ತು ಬಾಕಿ, 2013ರಲ್ಲಿ ಜಾರಿಗೆ ಬಂದ ಇ-ಸ್ವತ್ತಿನ ನಮೂನೆ 9 ಮತ್ತು 11ರ ವಿವರಗಳು ರಾಜ್ಯದ ಸರ್ವರ್‌ಗಳಲ್ಲಿವೆ. 2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮಸ್ವರಾಜ್‌ನ ಯೋಜನೆ ಮತ್ತು ಪಾವತಿ ವಿವರಗಳು ಕೇಂದ್ರದ ಸರ್ವರ್‌ನಲ್ಲಿವೆ. ನಮ್ಮ ಯಂತ್ರ ಇವುಗಳಿಗೆ ಕೇವಲ ಕಿಟಕಿ. ಕಿಟಕಿ ಬದಲಾದರೆ ಹೊರಗಿನ ಹೊಲ ಎಲ್ಲಿಯೂ ಹೋಗುವುದಿಲ್ಲ. ಈ ಅರ್ಥದಲ್ಲಿ “ಎಲ್ಲವೂ ಆನ್‌ಲೈನ್ ಇದೆ, ಚಿಂತೆ ಇಲ್ಲ” ಎಂದು ಸಿಬ್ಬಂದಿ ಹೇಳುವ ಮಾತು ನಿಜ.

ಆದರೆ ಅದು ಅರ್ಧ ನಿಜ. ಆನ್‌ಲೈನ್‌ಗೆ ಏರಿಸಿದ ದಾಖಲೆಯ ಮೂಲ ಸ್ಕ್ಯಾನ್ ಪ್ರತಿ, ಇನ್ನೂ ಏರಿಸದೆ ಉಳಿದಿರುವ ಅರ್ಜಿಗಳ ಕಡತ, ಗ್ರಾಮ ಸಭೆಯ ಛಾಯಾಚಿತ್ರಗಳು, ವಸತಿ ಫಲಾನುಭವಿಗಳ ಆಯ್ಕೆ ಪಟ್ಟಿಯ ಕರಡು, ಕಾಮಗಾರಿಗಳ ಅಂದಾಜು ಪಟ್ಟಿ, ನ್ಯಾಯಾಲಯಕ್ಕೂ ತಾಲ್ಲೂಕು ಪಂಚಾಯತಿಗೂ ಬರೆದ ಪತ್ರಗಳು, ನೀರಿನ ಕಂದಾಯದ ಖಾಸಗಿ ಲೆಕ್ಕದ ಎಕ್ಸೆಲ್ ಹಾಳೆ ಇವೆಲ್ಲವೂ ಇರುವುದು ಆ ಪೆಟ್ಟಿಗೆಯಲ್ಲಿಯೇ. ಅದೂ ಒಂದು ಕಡೆ ಅಲ್ಲ. ಕೆಲವು ಡೆಸ್ಕ್‌ಟಾಪ್ ಮೇಲೆ, ಕೆಲವು ಡೌನ್‌ಲೋಡ್ಸ್ ಕಡತಕೋಶದಲ್ಲಿ, ಕೆಲವು ಡಿ ಡ್ರೈವಿನಲ್ಲಿ “ಹೊಸದು”, “ಹೊಸದು 2”, “ಫೈನಲ್” ಎಂಬ ಹೆಸರುಗಳಡಿ. ಇನ್ನೊಂದು ಸಂಗತಿಯೂ ಉಂಟು: ಜಾಲತಾಣಗಳ ಪಾಸ್‌ವರ್ಡುಗಳನ್ನು ಬ್ರೌಸರ್ ನೆನಪಿಟ್ಟುಕೊಂಡು ತಾನೇ ತುಂಬುತ್ತಿರುತ್ತದೆ. ವರ್ಷಗಟ್ಟಲೆ ಹಾಗೆ ನಡೆದ ಕಚೇರಿಯಲ್ಲಿ ಆ ಪಾಸ್‌ವರ್ಡು ಯಾವ ಮನುಷ್ಯನಿಗೂ ಗೊತ್ತಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ತರಬೇತಿಗೆಂದು ಹೋಗಿದ್ದ ಒಂದು ಪಂಚಾಯತಿಯಲ್ಲಿ (ಹೆಸರು ಬೇಡ) ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಹೊಸ ಯಂತ್ರ ಬಂದಿತು, ಮಧ್ಯಾಹ್ನದೊಳಗೆ ಹಳೆಯದನ್ನು ವಿನಿಮಯದ ಲೆಕ್ಕದಲ್ಲಿ ಅಂಗಡಿಯವರು ಒಯ್ದರು. ಪಂಚತಂತ್ರ ತೆರೆಯಿತು, ಎಲ್ಲರಿಗೂ ಸಮಾಧಾನವಾಯಿತು. ನಾಲ್ಕು ತಿಂಗಳ ಬಳಿಕ ಲೆಕ್ಕಪರಿಶೋಧನೆಗೆ ಹಿಂದಿನ ವರ್ಷದ ಕಾಮಗಾರಿಯ ಮೂರು ಹಂತದ ಛಾಯಾಚಿತ್ರಗಳು ಬೇಕಾದವು. ಅವು ಹಳೆಯ ಯಂತ್ರದಲ್ಲಿದ್ದವು; ಆ ಹೊತ್ತಿಗೆ ಆ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ಬೇರೊಬ್ಬರಿಗೆ ಮಾರಲಾಗಿತ್ತು. ಕಾಮಗಾರಿ ನಿಜವಾಗಿಯೂ ನಡೆದಿತ್ತು, ಚರಂಡಿ ಕಣ್ಣೆದುರಿಗೇ ಇತ್ತು. ಆದರೂ ಆಕ್ಷೇಪಣೆ ಬರೆಯಲ್ಪಟ್ಟಿತು. ಅದಕ್ಕೆ ಉತ್ತರಿಸಬೇಕಾಗಿ ಬಂದದ್ದು ಅಂಗಡಿಯವರಲ್ಲ, ಆ ಅವಧಿಯ ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿ.

ಭೂಮಿ ಯೋಜನೆಯಲ್ಲಿ ನಡೆದ ಬಗೆ

ದಾಖಲೆಯನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗಿಸಿದ ಅತಿ ದೊಡ್ಡ ಅನುಭವ ನಮ್ಮ ರಾಜ್ಯದ್ದೇ. ಪಹಣಿಗಳ ಗಣಕೀಕರಣಕ್ಕಾಗಿ ಕೈಗೊಂಡ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದ ಪುಸ್ತಕದಿಂದ ಗಣಕಯಂತ್ರಕ್ಕೆ ತರಲಾಯಿತು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲ ಪ್ರಯೋಗ ನಡೆದು, ಬಳಿಕ ಹಿರಿಯೂರು ಸೇರಿದಂತೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೆ ವಿಸ್ತರಿಸಿತು. 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆದ ನೆನಪು ಹಿರಿಯ ಸದಸ್ಯರಿಗೆ ಇದ್ದೀತು.

ಇಲ್ಲಿ ಗಮನಿಸಬೇಕಾದದ್ದು ಕ್ರಮವನ್ನು. ಪುಸ್ತಕದಲ್ಲಿದ್ದುದನ್ನು ಯಂತ್ರಕ್ಕೆ ತುಂಬಿದೊಡನೆ ಪುಸ್ತಕವನ್ನು ಮುಚ್ಚಲಿಲ್ಲ. ತುಂಬಿದ ವಿವರವನ್ನು ಮುದ್ರಿಸಿ, ಗ್ರಾಮ ಲೆಕ್ಕಿಗರು ಅದನ್ನು ಮೂಲ ಪುಸ್ತಕದೊಡನೆ ಸಾಲು ಸಾಲಾಗಿ ತಾಳೆ ನೋಡಿ, ತಪ್ಪುಗಳನ್ನು ತಿದ್ದಿಸಿದರು. ತಾಳೆ ಮುಗಿದ ಮೇಲೆಯೇ ಕೈಬರಹದ ಪಹಣಿಯ ಮಾನ್ಯತೆಯನ್ನು ನಿಲ್ಲಿಸಲಾಯಿತು. ಅಲ್ಲಿಂದ ಮುಂದೆ ಒಂದೇ ದಾಖಲೆ, ಅದು ಯಂತ್ರದ್ದು. ಎರಡು ದಾಖಲೆಗಳೂ ಬಹುಕಾಲ ಮಾನ್ಯವಾಗಿ ಉಳಿದಿದ್ದರೆ ಒಂದೇ ಸರ್ವೆ ನಂಬರಿಗೆ ಎರಡು ಬಗೆಯ ಪಹಣಿಗಳು ಹುಟ್ಟುತ್ತಿದ್ದವು.

ಎರಡನೆಯ ಸ್ಥಳಾಂತರ ಇಷ್ಟು ಪ್ರಸಿದ್ಧವಲ್ಲ. ಆರಂಭದಲ್ಲಿ ಭೂಮಿಯ ದತ್ತಾಂಶ ಇರುತ್ತಿದ್ದುದು ಆಯಾ ತಾಲ್ಲೂಕು ಕಚೇರಿಯಲ್ಲಿದ್ದ ಸರ್ವರ್‌ನಲ್ಲಿ. ಹಿರಿಯೂರಿನ ಪಹಣಿ ಹಿರಿಯೂರಿನ ಯಂತ್ರದಲ್ಲಿ, ಹೊಸದುರ್ಗದ್ದು ಹೊಸದುರ್ಗದಲ್ಲಿ. ಯಂತ್ರ ಹಳತಾದಂತೆ ಅದೇ ತಾಲ್ಲೂಕಿಗೆ ಹೊಂದುವ ಇನ್ನೊಂದು ಯಂತ್ರ ಹುಡುಕಬೇಕು. ವಿದ್ಯುತ್ ಏರಿಳಿತಕ್ಕೆ ಡಿಸ್ಕ್ ಕೆಟ್ಟರೆ ಅಲ್ಲಿಯೇ ಪರಿಹಾರವಾಗಬೇಕು. ಮುಂದಿನ ವರ್ಷಗಳಲ್ಲಿ ಈ ದತ್ತಾಂಶವನ್ನು ರಾಜ್ಯ ದತ್ತಾಂಶ ಕೇಂದ್ರಕ್ಕೆ ಒಂದುಗೂಡಿಸಲಾಯಿತು. ಇಂದು ಐಮಂಗಲದ ನಾಡಕಚೇರಿಯಲ್ಲಿ ಹಿರಿಯೂರಿಗೆ ಹೋಗದೆಯೇ ಪಹಣಿ ದೊರೆಯುವುದಕ್ಕೆ ಕಾರಣ ಆ ಒಂದುಗೂಡಿಕೆ. ಕಚೇರಿಯ ಯಂತ್ರ ಕೆಟ್ಟರೂ ಪಹಣಿ ಕೆಡುವುದಿಲ್ಲ.

ಹೊರಗಿನ ಎರಡು ನಿದರ್ಶನಗಳು

ರೈಲ್ವೆಯ ಮುಂಗಡ ಟಿಕೆಟ್ ವ್ಯವಸ್ಥೆ 1980ರ ದಶಕದ ಮಧ್ಯದಲ್ಲಿ ದೆಹಲಿಯಲ್ಲಿ ವ್ಯಾಕ್ಸ್ ಎಂಬ ಯಂತ್ರದ ಮೇಲೆ ಆರಂಭವಾಯಿತು. 1999ರಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ಮತ್ತು ಸಿಕಂದರಾಬಾದ್ ಕೇಂದ್ರಗಳು ಪರಸ್ಪರ ಜೋಡಣೆಯಾದವು. ಈ ನಡುವೆ ವ್ಯಾಕ್ಸ್ ತಯಾರಿಕೆ ನಿಂತು ಆಲ್ಫಾ ಬಂದಿತು. ಆಲ್ಫಾ ನಿಂತು ಇಟೇನಿಯಂ ಬಂದಿತು. 2021ರ ಜುಲೈನಲ್ಲಿ ಇಟೇನಿಯಂ ಪೂರೈಕೆಯೂ ಕೊನೆಗೊಂಡಿತು. ತಯಾರಕ ಕಂಪನಿಯೇ ಎರಡು ಬಾರಿ ಕೈ ಬದಲಾಯಿತು. ಆದರೂ ಟಿಕೆಟ್ ಕಿಟಕಿಯ ಮುಂದೆ ನಿಂತ ಪ್ರಯಾಣಿಕನಿಗೆ ಇದ್ಯಾವುದರ ಅರಿವೂ ಆಗಲಿಲ್ಲ. ಮೂರೂ ಪೀಳಿಗೆಯ ಯಂತ್ರಗಳ ಮೇಲೆ ಒಂದೇ ಕಾರ್ಯಾಚರಣಾ ವ್ಯವಸ್ಥೆ ನಡೆಯುವಂತಿದ್ದುದರಿಂದ ಅದರ ಮೇಲೆ ಬರೆದ ತಂತ್ರಾಂಶವನ್ನು ಹೊಸ ಯಂತ್ರಕ್ಕೆ ಒಯ್ಯುವುದು ಸಾಧ್ಯವಾಯಿತು. ಹೊಂದಿಕೆ ಎಂಬ ಪದದ ಅರ್ಥ ಇಷ್ಟೇ: ಕೆಳಗಿನ ಕಬ್ಬಿಣ ಬದಲಾದರೂ ಮೇಲಿನ ಕೆಲಸ ಬದಲಾಗಬಾರದು.

ಎರಡನೆಯದು ಐಬಿಎಂ ಕಂಪನಿಯ ಎಎಸ್/400 ಎಂಬ ಕಚೇರಿ ಯಂತ್ರ. ಅದು 1988ರಲ್ಲಿ ಮಾರುಕಟ್ಟೆಗೆ ಬಂದಿತು. 1995ರಲ್ಲಿ ಅದರ ಪ್ರೊಸೆಸರ್ ಸಂಪೂರ್ಣ ಬದಲಾಯಿತು. ಪ್ರತಿಯೊಂದು ಪ್ರೋಗ್ರಾಮಿನ ಜೊತೆಗೆ ಅದನ್ನು ಪುನಃ ಕಟ್ಟಲು ಬೇಕಾದ ಮಾಹಿತಿಯೂ ಇರುತ್ತಿದ್ದುದರಿಂದ ಹೊಸ ಯಂತ್ರ ಅವುಗಳನ್ನು ತಾನೇ ಪರಿವರ್ತಿಸಿಕೊಂಡಿತು. ಆದರೆ ಡಿಸ್ಕಿನಲ್ಲಿ ಜಾಗ ಉಳಿಸಲೆಂದು ಆ ಮಾಹಿತಿಯನ್ನು ತೆಗೆದುಹಾಕಿದ್ದ ಕಚೇರಿಗಳು ಕಷ್ಟಕ್ಕೆ ಸಿಲುಕಿದವು. ಅವರು ಮೂಲ ಪ್ರೋಗ್ರಾಮನ್ನು ಹುಡುಕಿ ಮತ್ತೆ ಕಟ್ಟಬೇಕಾಯಿತು.

ಇದೇ ಯಂತ್ರದೊಳಗೆ ವಿಂಡೋಸ್ ಸರ್ವರ್ ಒಂದನ್ನು ಕಾರ್ಡಿನ ರೂಪದಲ್ಲಿ ಕೂರಿಸುವ ಏರ್ಪಾಡೂ ಇತ್ತು. ಅದಕ್ಕೆ ಸಂಯೋಜಿತ ಸರ್ವರ್ ಎಂದು ಹೆಸರು. ಆ ಪುಟ್ಟ ಸರ್ವರ್‌ಗೆ ತನ್ನದೇ ಆದ ಡಿಸ್ಕ್ ಇರಲಿಲ್ಲ. ದೊಡ್ಡ ಯಂತ್ರದ ಸಂಗ್ರಹದಲ್ಲಿಯೇ ಒಂದು ಭಾಗವನ್ನು ಅದಕ್ಕೆ ಡಿಸ್ಕ್ ಎಂದು ಜೋಡಿಸಲಾಗುತ್ತಿತ್ತು. ಕಾರ್ಡು ಹಳತಾದಾಗ ಅನುಸರಿಸುತ್ತಿದ್ದ ಕ್ರಮ ಸ್ವಾರಸ್ಯಕರ. ಮೊದಲು ಪೂರ್ಣ ಪ್ರತಿ ತೆಗೆದಿಡುವುದು. ಹಳೆಯ ಕಾರ್ಡಿನ ಮೇಲೆ ಸರ್ವರ್ ಇನ್ನೂ ನಡೆಯುತ್ತಿರುವಾಗಲೇ ಹೊಸ ಯಂತ್ರಾಂಶದ ಡ್ರೈವರ್‌ಗಳನ್ನು ಅದರೊಳಗೆ ಸೇರಿಸುವುದು. ಬಳಿಕ ಸರ್ವರ್ ನಿಲ್ಲಿಸಿ, ಡಿಸ್ಕಿನ ಜೋಡಣೆಯನ್ನು ಹಳೆಯ ಕಾರ್ಡಿನಿಂದ ಬಿಡಿಸಿ ಹೊಸದಕ್ಕೆ ತಗುಲಿಸಿ ಪುನಃ ಆರಂಭಿಸುವುದು. ಹೊಸ ಮನೆಗೆ ಹೋಗುವವರು ಹಳೆಯ ಮನೆಯಲ್ಲಿರುವಾಗಲೇ ಹೊಸ ಬೀಗದ ಕೈ ಪಡೆದುಕೊಳ್ಳುವಂತೆ. ಡ್ರೈವರ್ ಮೊದಲು, ಸಾಗಣೆ ಆಮೇಲೆ ಎಂಬ ಈ ನಿಯಮ ನಮ್ಮ ಒಂದೇ ಒಂದು ಯಂತ್ರದ ಕಚೇರಿಗೂ ಅನ್ವಯಿಸುತ್ತದೆ.

ಹೊಂದಿಕೆಯನ್ನು ಎಲ್ಲೆಲ್ಲಿ ಪರೀಕ್ಷಿಸಬೇಕು

ಪ್ರಿಂಟರ್ ಮತ್ತು ಸ್ಕ್ಯಾನರ್‌ಗಳ ವಿಷಯ ಸರಳ. ವಿಂಡೋಸ್ 11 ಬರುವುದು 64 ಬಿಟ್ ರೂಪದಲ್ಲಿ ಮಾತ್ರ. ಹಳೆಯ ಪ್ರಿಂಟರಿಗೆ 32 ಬಿಟ್ ಡ್ರೈವರ್ ಮಾತ್ರ ಇದ್ದರೆ ಅದು ಹೊಸ ಯಂತ್ರದೊಡನೆ ಕೆಲಸ ಮಾಡುವುದಿಲ್ಲ, ಎಷ್ಟೇ ಗಟ್ಟಿಯಾಗಿದ್ದರೂ. ದರಪಟ್ಟಿ ಕರೆಯುವ ಮೊದಲೇ ಪ್ರಿಂಟರಿನ ಮಾದರಿ ಸಂಖ್ಯೆಯನ್ನು ಬರೆದು, ಇದಕ್ಕೆ ಡ್ರೈವರ್ ಇದೆಯೇ ಎಂದು ಲಿಖಿತವಾಗಿ ಕೇಳಬೇಕು. ಆಧಾರ್ ದೃಢೀಕರಣಕ್ಕೆ ಬಳಸುವ ಬೆರಳಚ್ಚು ಸಾಧನಕ್ಕೂ ಇದೇ ಮಾತು. ಅದು ನೋಂದಾಯಿತ ಸಾಧನವಾಗಿರಬೇಕು ಮತ್ತು ಅದರ ಸೇವಾ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಪ್ರತ್ಯೇಕವಾಗಿ ಅಳವಡಿಸಬೇಕು. ತಂತಿ ಚುಚ್ಚಿದ ಮಾತ್ರಕ್ಕೆ ನಡೆಯದು.

ಡಿಜಿಟಲ್ ಸಹಿಯ ಡೋಂಗಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಣಕ್ಕೆ ಸಂಬಂಧಿಸಿದ ಅಪಾಯ ಇಲ್ಲಿದೆ. ಅಧ್ಯಕ್ಷರ ಮತ್ತು ಅಭಿವೃದ್ಧಿ ಅಧಿಕಾರಿಯ ಸಹಿಯ ರಹಸ್ಯ ಕೀಲಿ ಇರುವುದು ಡೋಂಗಲ್‌ನೊಳಗೆ, ಗಣಕಯಂತ್ರದಲ್ಲಿ ಅಲ್ಲ. ಅದನ್ನು ಹೊರತೆಗೆದು ನಕಲು ಮಾಡಲು ಬಾರದಂತೆಯೇ ಅದನ್ನು ರೂಪಿಸಲಾಗಿದೆ. ಆದ್ದರಿಂದ ಯಂತ್ರ ಬದಲಾದಾಗ ಡೋಂಗಲ್‌ಗೆ ಏನನ್ನೂ ಮಾಡಬೇಕಾಗಿಲ್ಲ; ಹೊಸ ಯಂತ್ರದಲ್ಲಿ ಅದರ ಡ್ರೈವರ್ ಮತ್ತು ಸಹಿ ತಂತ್ರಾಂಶವನ್ನು ಹಾಕಿದರೆ ಸಾಕು. “ಡೋಂಗಲ್ ಮತ್ತು ಪಿನ್ ಎರಡೂ ಕೊಡಿ, ಸೆಟ್ ಮಾಡಿ ತಂದುಕೊಡುತ್ತೇನೆ” ಎಂದು ಯಾರಾದರೂ ಕೇಳಿದರೆ ಕೊಡತಕ್ಕದ್ದಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 42ನೇ ಪ್ರಕರಣದ ಪ್ರಕಾರ ರಹಸ್ಯ ಕೀಲಿಯನ್ನು ತಮ್ಮ ಹತೋಟಿಯಲ್ಲಿ ಇಟ್ಟುಕೊಳ್ಳಲು ಯುಕ್ತ ಎಚ್ಚರ ವಹಿಸುವುದು ಸಹಿದಾರರ ಕರ್ತವ್ಯ. ಡ್ರೈವರ್ ಹಾಕುವಾಗ ಅಧ್ಯಕ್ಷರು ಎದುರಿಗಿದ್ದು, ಪಿನ್ ಅನ್ನು ತಾವೇ ಒತ್ತಬೇಕು. ಮೊದಲ ಬಾರಿಗೆ ಆಯ್ಕೆಯಾಗಿ ಬಂದ ಮಹಿಳಾ ಅಧ್ಯಕ್ಷರ ಡೋಂಗಲ್ ಅವರ ಕೈ ಸೇರದೆ ಇನ್ನೊಬ್ಬರ ಜೇಬಿನಲ್ಲಿಯೇ ಓಡಾಡುವ ರೂಢಿಯನ್ನು ನಿಲ್ಲಿಸಲು ಯಂತ್ರ ಬದಲಾವಣೆಯ ದಿನ ಒಳ್ಳೆಯ ಅವಕಾಶ. ಇನ್ನೊಂದು ಎಚ್ಚರಿಕೆ: ಡೋಂಗಲ್ ಅನ್ನು ಇನಿಷಿಯಲೈಸ್ ಮಾಡುವ ಆಯ್ಕೆ ಒತ್ತಿದರೆ ಒಳಗಿನ ಸಹಿ ಅಳಿಸಿಹೋಗುತ್ತದೆ. ಹೊಸ ಸಹಿ ಪಡೆಯುವವರೆಗೆ ಪಾವತಿಗಳು ನಿಲ್ಲುತ್ತವೆ; ನೀರುಗಂಟಿಯ ವೇತನವೂ ಅದರಲ್ಲಿ ಸೇರಿರಬಹುದು.

ಕನ್ನಡ ಕಡತಗಳ ತೊಡಕು ನಮ್ಮದೇ ವಿಶೇಷ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಕನ್ನಡ ಅಕ್ಷರದ ಆಕಾರವನ್ನು ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕೂರಿಸಲಾಗುತ್ತಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅದೇ ಪತ್ರವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿದೆಯೆಂದು ತಿಳಿದು ಅಳಿಸಿದವರೂ ಉಂಟು. ಅದು ಕೆಟ್ಟಿಲ್ಲ, ಓದುವ ಕಣ್ಣು ಇಲ್ಲ ಅಷ್ಟೇ. ಯೂನಿಕೋಡ್‌ನಲ್ಲಿ ಹೀಗಾಗುವುದಿಲ್ಲ, ಅಲ್ಲಿ ‘ಕ’ ಎಂಬ ಅಕ್ಷರಕ್ಕೆ 3221 ಎಂಬ ತನ್ನದೇ ಸಂಖ್ಯೆ ಇದ್ದು, ಯಾವ ಯಂತ್ರದಲ್ಲಿ ತೆರೆದರೂ ಅದು ‘ಕ’ ಆಗಿಯೇ ಉಳಿಯುತ್ತದೆ. ಆದ್ದರಿಂದ ಹಳೆಯ ನುಡಿ ಅಕ್ಷರಶೈಲಿಗಳನ್ನು ಹೊಸ ಯಂತ್ರದಲ್ಲಿಯೂ ಮೊದಲು ಹಾಕಿಸಬೇಕು. ಮುಖ್ಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತಂದು, ಮೂಲವನ್ನೂ ಉಳಿಸಿಕೊಳ್ಳಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ ಮತ್ತು ಅರ್ಕಾವತ್ತುಗಳು ಅಲ್ಲಲ್ಲಿ ತಪ್ಪುವುದುಂಟು. ಪತ್ರದ ಒಕ್ಕಣೆಯಲ್ಲಿ ತಪ್ಪಿದರೆ ನಗಬಹುದು. ಸ್ವತ್ತಿನ ಪಟ್ಟಿಯಲ್ಲಿ ಮಾಲೀಕರ ಹೆಸರು ತಪ್ಪಿದರೆ ಅವರು ಹಿರಿಯೂರಿನ ಉಪನೋಂದಣಿ ಕಚೇರಿಯಿಂದ ಬರಿಗೈಯಲ್ಲಿ ಮರಳುತ್ತಾರೆ, ಒಂದು ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಂಡು. ಹೆಸರುಗಳನ್ನು ಮುದ್ರಿಸಿ, ಆಯಾ ವಾರ್ಡಿನ ಸದಸ್ಯರೇ ಒಮ್ಮೆ ಕಣ್ಣಾಡಿಸುವುದು ಉತ್ತಮ. ತಮ್ಮ ವಾರ್ಡಿನ ಹೆಸರುಗಳು ತಮಗೆ ಗೊತ್ತಿರುವಷ್ಟು ಯಾವ ತಂತ್ರಾಂಶಕ್ಕೂ ಗೊತ್ತಿಲ್ಲ.

ಕೊನೆಯದಾಗಿ ಡಿಸ್ಕಿನ ವಿಷಯ. ಹಳೆಯ ಯಂತ್ರದ ಡಿಸ್ಕನ್ನೇ ತೆಗೆದು ಹೊಸದಕ್ಕೆ ಹಾಕಿದರೆ ಎಲ್ಲವೂ ಬಂದಂತಲ್ಲವೇ ಎಂದು ಕೇಳುವವರಿದ್ದಾರೆ. ಆಗದು. ಹಳೆಯ ಯಂತ್ರ ಆರಂಭವಾಗುವ ವಿಧಾನ ಬೇರೆ, ಹೊಸದರದು ಬೇರೆ. ಹೊಸ ಯಂತ್ರದ ಡ್ರೈವರ್‌ಗಳು ಆ ಡಿಸ್ಕಿನಲ್ಲಿ ಇರುವುದಿಲ್ಲ. ಯಂತ್ರದೊಡನೆ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಆ ಯಂತ್ರಕ್ಕೇ ಸೀಮಿತ. ಆದರೆ ಅದೇ ಡಿಸ್ಕನ್ನು ಯುಎಸ್‌ಬಿ ಕವಚದಲ್ಲಿ ಹಾಕಿ ಪೆನ್ ಡ್ರೈವಿನಂತೆ ಜೋಡಿಸಿದರೆ ಒಳಗಿನ ಕಡತಗಳನ್ನು ನಕಲಿಸಿಕೊಳ್ಳಬಹುದು. ಯಂತ್ರ ಸತ್ತರೂ ಡಿಸ್ಕ್ ಬದುಕಿರುವ ಸಾಧ್ಯತೆ ಹೆಚ್ಚು. ಆದಕಾರಣ ಆನ್ ಆಗದ ಯಂತ್ರವನ್ನು ಗುಜರಿಯೆಂದು ಬರೆಯುವ ಮುನ್ನ ಡಿಸ್ಕನ್ನು ಹೊರತೆಗೆಸಿ ನೋಡಬೇಕು.

ಹೊಸ ಯಂತ್ರದಲ್ಲಿ ಮತ್ತೊಂದು ಗುಪ್ತ ಬಾಗಿಲು ಇದೆ. ಇತ್ತೀಚಿನ ವಿಂಡೋಸ್ ಯಂತ್ರಗಳನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಆರಂಭಿಸಿದಾಗ ಡಿಸ್ಕ್ ತಾನಾಗಿಯೇ ಗೂಢಲಿಪೀಕರಣಗೊಳ್ಳಬಹುದು ಮತ್ತು ಅದನ್ನು ಬಿಡಿಸುವ 48 ಅಂಕಿಗಳ ಕೀಲಿ ಆ ಖಾತೆಗೆ ಸೇರುತ್ತದೆ. ಯಂತ್ರ ಹೂಡಲು ಬಂದ ಯುವಕ ಅವಸರದಲ್ಲಿ ತನ್ನ ಸ್ವಂತ ಖಾತೆಯನ್ನೇ ಬಳಸಿದ್ದರೆ ಪಂಚಾಯತಿಯ ಡಿಸ್ಕಿನ ಕೀಲಿ ಅವನ ಬಳಿ ಉಳಿಯಿತು. ಎರಡು ವರ್ಷದ ನಂತರ ಯಂತ್ರ ಕೈಕೊಟ್ಟಾಗ ಅವನನ್ನು ಎಲ್ಲಿ ಹುಡುಕುವುದು? ಕಚೇರಿಯ ಅಧಿಕೃತ ಇ-ಮೇಲ್‌ನಿಂದಲೇ ಖಾತೆ ತೆರೆದು, ಆ ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ ಲಕೋಟೆಯಲ್ಲಿ ಮೊಹರು ಮಾಡಿ ಬೀರುವಿನಲ್ಲಿ ಇಡಬೇಕು.

ಎರಡೂ ಯಂತ್ರಗಳು ಕೂಡಿ ನಡೆಯುವ ದಿನಗಳು

ಹೊಸ ಯಂತ್ರ ಬಂದ ದಿನ ಹಳೆಯದನ್ನು ಕಳುಹಿಸಬಾರದು. ಒಂದು ತಿಂಗಳ ಕಾಲವಾದರೂ ಎರಡೂ ಕಚೇರಿಯಲ್ಲಿಯೇ ಇರಬೇಕೆಂಬುದು ನನ್ನ ಅಭಿಪ್ರಾಯ. ತಿಂಗಳೇ ಏಕೆಂದರೆ ಪಂಚಾಯತಿಯ ಕೆಲಸಗಳಲ್ಲಿ ಹಲವು ತಿಂಗಳಿಗೊಮ್ಮೆ ಬರುತ್ತವೆ: ವೇತನ, ವಿದ್ಯುತ್ ಬಿಲ್ಲು, ಮಾಸಿಕ ವರದಿ, ಸಾಮಾನ್ಯ ಸಭೆಯ ನಡವಳಿ. ಪ್ರತಿಯೊಂದು ಕೆಲಸವೂ ಹೊಸ ಯಂತ್ರದಲ್ಲಿ ಒಮ್ಮೆ ಮೊದಲಿನಿಂದ ಕೊನೆಯವರೆಗೆ ನಡೆಯಬೇಕು. ಜಾಲತಾಣ ತೆರೆಯಿತೆಂಬುದು ಪರೀಕ್ಷೆಯಲ್ಲ. ಒಂದು ನಮೂನೆ 9 ಡಿಜಿಟಲ್ ಸಹಿಯೊಂದಿಗೆ ಮುದ್ರಣವಾಗಿ ಅರ್ಜಿದಾರರ ಕೈಗೆ ಬರಬೇಕು. ಒಂದು ಪಾವತಿ ಇಬ್ಬರ ಸಹಿಯನ್ನೂ ಪಡೆದು ಫಲಾನುಭವಿಯ ಖಾತೆಗೆ ಜಮೆಯಾಗಬೇಕು. ಒಂದು ತೆರಿಗೆ ರಸೀದಿ ಹೊರಬರಬೇಕು. ಟ್ಯಾಂಕಿಗೆ ನೀರು ಏರಿದಂತೆ.

ನಕಲಾದ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಎರಡೂ ಯಂತ್ರಗಳಲ್ಲಿ ಹೋಲಿಸಿ ನೋಡುವುದು ಐದು ನಿಮಿಷದ ಕೆಲಸ. ಅಷ್ಟಕ್ಕೇ ನಿಲ್ಲದೆ ಬೇರೆ ಬೇರೆ ವರ್ಷಗಳ ಕೆಲವು ಕಡತಗಳನ್ನು ತೆರೆದು ಓದಬೇಕು. ಜೊತೆಗೆ ಎಲ್ಲವನ್ನೂ ಒಂದು ಪ್ರತ್ಯೇಕ ಡಿಸ್ಕಿಗೆ ನಕಲಿಸಿ ಬೀರುವಿನಲ್ಲಿಡಬೇಕು. ಹೊಸ ಯಂತ್ರದಲ್ಲಿ ಇರುವುದನ್ನೇ ಬ್ಯಾಕಪ್ ಎಂದು ಕರೆಯುವುದು ಸರಿಯಲ್ಲ. ಅದು ಈಗ ಮೂಲ ಪ್ರತಿ.

ಇದೇ ತಿಂಗಳಲ್ಲಿ ಒಂದು ಶಿಸ್ತು ಅಗತ್ಯ. ಹೊಸ ಬರವಣಿಗೆಯೆಲ್ಲ ಹೊಸ ಯಂತ್ರದಲ್ಲಿಯೇ ಆಗಬೇಕು. ಹಳೆಯದನ್ನು ನೋಡಲು ಮಾತ್ರ ತೆರೆಯಬೇಕು. ಇಲ್ಲವಾದರೆ ಎರಡು ಪಹಣಿಯ ಕಥೆ ನಮ್ಮ ಕಚೇರಿಯಲ್ಲಿಯೇ ಪುನರಾವರ್ತನೆಯಾಗುತ್ತದೆ.

ಹಳೆಯ ಯಂತ್ರದ ವಿಲೇವಾರಿ

ಅವಧಿ ಮುಗಿದ ಬಳಿಕ ಹಳೆಯ ಡಿಸ್ಕನ್ನು ಅಳಿಸಬೇಕು. ಕಡತಗಳನ್ನು ಡಿಲೀಟ್ ಮಾಡುವುದು, ಸಾಮಾನ್ಯ ಫಾರ್ಮ್ಯಾಟ್ ಮಾಡುವುದು ಸಾಲದು. ಸುಲಭವಾಗಿ ದೊರೆಯುವ ತಂತ್ರಾಂಶಗಳಿಂದ ಅವುಗಳನ್ನು ಮರಳಿ ಪಡೆಯಬಹುದು. ಅದರಲ್ಲಿ ಜನರ ಆಧಾರ್ ಪ್ರತಿಗಳು, ಬ್ಯಾಂಕ್ ಪಾಸ್‌ಬುಕ್‌ನ ಪುಟಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಇರುತ್ತವೆ. ಪೂರ್ಣ ಡಿಸ್ಕಿನ ಮೇಲೆ ಪುನಃ ಬರೆಯುವ ತಂತ್ರಾಂಶದಿಂದ ಅಳಿಸಬೇಕು ಅಥವಾ ಡಿಸ್ಕನ್ನೇ ಕಳಚಿ ಉಳಿಸಿಕೊಂಡು ಉಳಿದ ಯಂತ್ರವನ್ನು ಮಾತ್ರ ಕೊಡಬೇಕು. ವಿನಿಮಯದ ದರದಲ್ಲಿ ಕೆಲವು ನೂರು ರೂಪಾಯಿ ಕಡಿಮೆಯಾದರೆ ಆಗಲಿ. ಬಳಿಕ ದಾಸ್ತಾನು ವಹಿಯಲ್ಲಿ ಕ್ರಮಬದ್ಧವಾಗಿ ವಜಾ ಮಾಡಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರಂತೆ ನೋಂದಾಯಿತ ಸಂಸ್ಥೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಬೀದಿಯ ಗುಜರಿ ಗಾಡಿಗೆ ಹಾಕುವುದು ನಿಯಮಬಾಹಿರ.

ಸಭೆಯಲ್ಲಿ ಬಳಸಬಹುದಾದ ಮಾದರಿ ನಿರ್ಣಯ

ಕೆಳಗಿನ ಒಕ್ಕಣೆಯನ್ನು ತಮ್ಮ ಪಂಚಾಯತಿಯ ಸಂದರ್ಭಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು.

ವಿಷಯ: ಕಚೇರಿಯ ಗಣಕಯಂತ್ರ ಬದಲಾವಣೆ ಹಾಗೂ ದತ್ತಾಂಶ ಸ್ಥಳಾಂತರದ ಬಗ್ಗೆ.

ನಿರ್ಣಯ: ಕಚೇರಿಯಲ್ಲಿರುವ ಗಣಕಯಂತ್ರವು ಹಳೆಯದಾಗಿದ್ದು ಅದರ ಕಾರ್ಯಾಚರಣಾ ವ್ಯವಸ್ಥೆಗೆ ತಯಾರಕರ ಬೆಂಬಲ ಕೊನೆಗೊಂಡಿರುವುದರಿಂದ, ನಿಯಮಾನುಸಾರ ಹೊಸ ಗಣಕಯಂತ್ರವನ್ನು ಖರೀದಿಸಲು ಸಭೆಯು ಒಪ್ಪಿಗೆ ನೀಡಿತು. ಖರೀದಿಗೆ ಮುನ್ನ ಹಾಲಿ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಸಾಧನ ಹಾಗೂ ಡಿಜಿಟಲ್ ಸಹಿಯ ಡೋಂಗಲ್‌ಗಳಿಗೆ ಹೊಸ ಯಂತ್ರವು ಹೊಂದಿಕೆಯಾಗುವ ಬಗ್ಗೆ ಸರಬರಾಜುದಾರರಿಂದ ಲಿಖಿತ ದೃಢೀಕರಣ ಪಡೆಯತಕ್ಕದ್ದು. ಹಳೆಯ ಯಂತ್ರದಲ್ಲಿ ಮಾತ್ರ ಇರುವ ಕಡತಗಳ ಪಟ್ಟಿಯನ್ನು ತಯಾರಿಸಿ ಮುಂದಿನ ಸಭೆಯಲ್ಲಿ ಮಂಡಿಸತಕ್ಕದ್ದು. ಸದರಿ ಕಡತಗಳು ಹೊಸ ಯಂತ್ರಕ್ಕೆ ಹಾಗೂ ಪ್ರತ್ಯೇಕ ಡಿಸ್ಕಿಗೆ ವರ್ಗಾವಣೆಯಾಗಿರುವುದನ್ನು ಅಧ್ಯಕ್ಷರು, ಈ ಸಭೆಯು ನೇಮಿಸುವ ಇಬ್ಬರು ಸದಸ್ಯರು ಹಾಗೂ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರು ಪರಿಶೀಲಿಸಿ ಸಹಿ ಮಾಡತಕ್ಕದ್ದು. ತೆರಿಗೆ ರಸೀದಿ, ನಮೂನೆ 9 ಹಾಗೂ ಒಂದು ಪಾವತಿ ಹೊಸ ಯಂತ್ರದಿಂದ ಪೂರ್ಣಗೊಂಡ ನಂತರವೇ ಸರಬರಾಜುದಾರರ ಬಿಲ್ಲನ್ನು ಪಾವತಿಗೆ ಪರಿಗಣಿಸತಕ್ಕದ್ದು. ಅಲ್ಲಿಯವರೆಗೆ ಮತ್ತು ಅದರ ನಂತರದ 30 ದಿನಗಳವರೆಗೆ ಹಳೆಯ ಯಂತ್ರವನ್ನು ಕಚೇರಿಯಿಂದ ಹೊರಗೆ ಕಳುಹಿಸತಕ್ಕದ್ದಲ್ಲ ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.

ಸೂಚಕರು: ………………

ಅನುಮೋದಕರು: ………………